ಲೈಸೆನ್ಸ್ ಬೇಡದ ಕೋವಿ: ಶಿವಮೊಗ್ಗ, ಭದ್ರಾವತಿಯ ಕಾಡಂಚಿನಲ್ಲಿ ಏರ್‌ಗನ್ ಮತ್ತು ಬೇಟೆ ಕಾನೂನು

ಏರ್‌ಗನ್ ಎಂದರೆ ಮದ್ದಿಲ್ಲದ ಕೋವಿ. ಬಿಗಿದ ಸ್ಪ್ರಿಂಗ್‌ನ ಬಲದಿಂದಲೋ, ಮೊದಲೇ ತುಂಬಿಟ್ಟ ಗಾಳಿಯ ಒತ್ತಡದಿಂದಲೋ ಅದು ಸೀಸದ ಸಣ್ಣ ಗುಂಡನ್ನು ನಳಿಗೆಯಿಂದ ಹೊರದಬ್ಬುತ್ತದೆ. ನಾಡಕೋವಿಗೂ ತೋಟೆ ಕೋವಿಗೂ ಜಿಲ್ಲಾಡಳಿತದ ಲೈಸೆನ್ಸ್ ಬೇಕು, ಮಾಮೂಲಿ ಏರ್‌ಗನ್‌ಗೆ ಬೇಡ. ಬಯಲುಸೀಮೆಯ ಊರೊಂದರಲ್ಲಿ ಈ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಆದರೆ ಶಿವಮೊಗ್ಗ ನಗರದ ಪಕ್ಕದಲ್ಲೇ ಶೆಟ್ಟಿಹಳ್ಳಿ ಅಭಯಾರಣ್ಯವಿದೆ. ಭದ್ರಾವತಿಯಿಂದ ಲಕ್ಕವಳ್ಳಿ ಕಡೆಗೆ ಹೊರಟರೆ ಭದ್ರಾ ಹುಲಿ ಮೀಸಲು ಎದುರಾಗುತ್ತದೆ. ಇಲ್ಲಿ ಊರು ಮುಗಿಯುವ ಕಡೆಯೇ ಕಾಡು ಶುರು.

ಇಂಥ ಕಡೆ ಏರ್‌ಗನ್ ಬಗ್ಗೆ ಎರಡು ದನಿಗಳು ಕೇಳುತ್ತವೆ. ಮಂಗ, ಹಂದಿಗಳ ಕಾಟದಿಂದ ರೋಸಿಹೋದ ಬೆಳೆಗಾರರು, ಕನಿಷ್ಠ ಏರ್‌ಗನ್ನಿನಿಂದ ಹೊಡೆಯಲಾದರೂ ಕಾನೂನು ಬಿಡಲಿ ಎನ್ನುತ್ತಾರೆ. ಹಕ್ಕಿ, ಪ್ರಾಣಿಗಳ ಕಾಳಜಿ ಇರುವವರು, ಕಾಡಂಚಿನಲ್ಲಿ ಯಾರು ಬೇಕಾದರೂ ಕೊಳ್ಳುವ ಈ ಕೋವಿಗೆ ಮೂಗುದಾರ ಬೀಳಲಿ ಎನ್ನುತ್ತಾರೆ. ಎರಡೂ ಕಡೆಯವರು ಕಾನೂನು ಬದಲಾಗಲಿ ಎಂದೇ ಕೇಳುತ್ತಿದ್ದಾರೆ. ಬದಲಾಗಬೇಕಾದದ್ದು ಯಾವ ಕಾನೂನು, ಅದರ ಯಾವ ಸೆಕ್ಷನ್, ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ತಿಳಿಯದೆ ಕೇಳಿದರೆ ಮನವಿ ಕಡತದಲ್ಲೇ ಉಳಿಯುತ್ತದೆ. ಈ ಲೇಖನ ಅದನ್ನು ಬಿಡಿಸಿ ಹೇಳುವ ಪ್ರಯತ್ನ.

ಆಯುಧದ ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕನ್ನು ವಿವರಿಸುವಾಗ ಮದ್ದನ್ನು ಮಾತ್ರ ಹೇಳಿ ನಿಲ್ಲಿಸುವುದಿಲ್ಲ. ಸ್ಫೋಟಕದಿಂದಾಗಲಿ ಬೇರೆ ಯಾವುದೇ ಶಕ್ತಿಯಿಂದಾಗಲಿ ಗುಂಡು ಹಾರಿಸುವ ಸಾಧನ ಬಂದೂಕೇ ಎನ್ನುತ್ತದೆ. ಹಾಗೆ ನೋಡಿದರೆ ಗಾಳಿಯಿಂದ ಹಾರಿಸುವ ಏರ್‌ಗನ್ ಕೂಡ ಬಂದೂಕೇ. ಆದರೆ ಕೆಲವು ಬಗೆಯ ಆಯುಧಗಳಿಗೆ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ಏರ್‌ಗನ್ ಆ ಬಾಗಿಲಿನಿಂದ ಹೊರಬಂದಿದೆ. ಈಗ ಜಾರಿಯಲ್ಲಿರುವ 2016ರ ಶಸ್ತ್ರಾಸ್ತ್ರ ನಿಯಮಗಳು ಗೆರೆ ಎಳೆದಿರುವುದು ಎರಡು ಅಳತೆಗಳಲ್ಲಿ. ನಳಿಗೆಯ ಒಳವ್ಯಾಸ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಬಾರದು. ಗುಂಡು ನಳಿಗೆಯ ಬಾಯಿಂದ ಹೊರಡುವಾಗಿನ ಶಕ್ತಿ 20 ಜೌಲ್ ದಾಟಬಾರದು. ಎರಡರಲ್ಲಿ ಒಂದು ಮೀರಿದರೂ ಲೈಸೆನ್ಸ್ ಬೇಕು. ಮೀರದಿದ್ದರೆ ಬೇಡ.

ಬೆಳೆ ಕಾಯಲು ಕೋವಿ ಬೇಕೆನ್ನುವ ರೈತನನ್ನು ಈ ಕಾಯ್ದೆ ಮರೆತಿಲ್ಲ. 13ನೇ ಸೆಕ್ಷನ್ನಿನಲ್ಲಿ ನಿಜವಾದ ಬೆಳೆರಕ್ಷಣೆಗಾಗಿ ನಾಡಕೋವಿಯ ಲೈಸೆನ್ಸ್ ಕೊಡುವ ಮಾತು ನೇರವಾಗಿಯೇ ಇದೆ. ಮಲೆನಾಡಿನ ಮನೆಗಳಲ್ಲಿ ಗೋಡೆಗೆ ಒರಗಿರುವ ಹಳೆಯ ಕೋವಿಗಳು ಬಹುಪಾಲು ಹೀಗೆ ಬಂದವು. ಚುನಾವಣೆ ಘೋಷಣೆಯಾದರೆ ಈ ಕೋವಿಗಳನ್ನು ಸಾಮಾನ್ಯವಾಗಿ ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿಸುತ್ತಾರೆ. ಬೆಳೆ ಕೈಗೆ ಬರುವ ಹೊತ್ತಿಗೇ ಚುನಾವಣೆ ಬಂದರೆ ರೈತ ಬರಿಗೈಲಿ ಕೂರಬೇಕಾಗುತ್ತದೆ ಎಂಬ ದೂರು ಹಳೆಯದು, ನ್ಯಾಯವಾದದ್ದೂ ಹೌದು. ಏರ್‌ಗನ್‌ಗೆ ಆ ಕಾಟವಿಲ್ಲ. ಅದು ಯಾರ ಮನೆಯಲ್ಲಿದೆ ಎಂದು ಠಾಣೆಯ ಲೈಸೆನ್ಸ್ ಪಟ್ಟಿ ಹೇಳುವುದಿಲ್ಲ.

ಬೇಟೆಯ ಕಾನೂನು

ಜನ ಎಡವುವುದು ಇಲ್ಲಿ. ಲೈಸೆನ್ಸ್ ಬೇಡವೆಂದ ಮೇಲೆ ಹಕ್ಕಿ ಹೊಡೆದರೆ ತಪ್ಪೇನು ಎಂದು ಅನೇಕರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಇಟ್ಟುಕೊಳ್ಳುವುದು ಒಂದು ಕಾನೂನಿನ ವಿಷಯ, ಹೊಡೆಯುವುದು ಇನ್ನೊಂದರ ವಿಷಯ. ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ 9ನೇ ಸೆಕ್ಷನ್ ಸಂರಕ್ಷಿತ ಪ್ರಾಣಿ, ಪಕ್ಷಿಗಳ ಬೇಟೆಯನ್ನು ನಿಷೇಧಿಸುತ್ತದೆ. ಬೇಟೆ ಎಂಬ ಮಾತಿಗೆ ಕಾಯ್ದೆ ಕೊಟ್ಟ ಅರ್ಥ ಬಹಳ ವಿಶಾಲ: ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ಉರುಳು ಹಾಕುವುದು, ಸೋವುವುದು, ಹಕ್ಕಿಯ ಮೊಟ್ಟೆ ಅಥವಾ ಗೂಡು ಕೆಡಿಸುವುದು, ಇದಕ್ಕೆಲ್ಲ ಪ್ರಯತ್ನಿಸುವುದು ಕೂಡ ಬೇಟೆಯೇ. ಗುರಿ ತಪ್ಪಿತು ಎಂಬ ಸಮಜಾಯಿಷಿ ಇಲ್ಲಿ ನಡೆಯದು. ಆಯುಧ ಎಂಬ ಪದಕ್ಕೂ ಬಿಲ್ಲುಬಾಣದಿಂದ ವಿಷದವರೆಗೆ, ಪ್ರಾಣಿಯನ್ನು ಗಾಯಗೊಳಿಸಬಲ್ಲ ಯಾವುದೇ ಸಾಧನ ಎಂಬ ಅರ್ಥವಿದೆ. ಏರ್‌ಗನ್ ಅದರೊಳಗೆ ಸಲೀಸಾಗಿ ಸೇರುತ್ತದೆ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಅದನ್ನು ಹಿಡಿದು ಅಭಯಾರಣ್ಯದೊಳಗೆ ಕಾಲಿಡುವುದೇ 31ನೇ ಸೆಕ್ಷನ್ ಪ್ರಕಾರ ಅಪರಾಧ.

ಶಿಕ್ಷೆಯೂ ಸಣ್ಣದಲ್ಲ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ರೂಪದಲ್ಲಿ, ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಬೇಟೆಯಾದದ್ದು ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಹೆಚ್ಚಿನ ರಕ್ಷಣೆಯ ಪಟ್ಟಿಯ, ಪ್ರಾಣಿಯಾದರೆ ಅಥವಾ ಬೇಟೆ ಅಭಯಾರಣ್ಯದೊಳಗೆ ನಡೆದಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. ಬಳಸಿದ ಆಯುಧ, ವಾಹನ ಸರ್ಕಾರದ ಸ್ವತ್ತಾಗುತ್ತವೆ. ಒಂದು ನವಿಲಿಗೆ ಗುರಿಯಿಟ್ಟ ಹುಡುಗ ಬೈಕ್ ಕಳೆದುಕೊಂಡು ಸೆರೆಗೆ ಹೋಗಬಹುದು ಎಂಬುದನ್ನು ಏರ್‌ಗನ್ ಕೊಡಿಸುವ ಅಪ್ಪಂದಿರು ತಿಳಿದಿರಬೇಕು.

ಕೊಡಗಿನ ಉದಾಹರಣೆ ಈ ಗೊಂದಲವನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಲಾಯಿತು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ಕಡವೆಯನ್ನೋ ಹಂದಿಯನ್ನೋ ಹೊಡೆಯಲು ಅಲ್ಲೂ ಯಾರಿಗೂ ವಿನಾಯಿತಿ ಇಲ್ಲ.

ತೋಟದವರ ಸಂಕಟ

ಇಷ್ಟು ಹೇಳಿ ಬೆಳೆಗಾರರಿಗೆ ಕಾನೂನಿನ ಪಾಠ ಮುಗಿಸಿದರೆ ಅನ್ಯಾಯವಾದೀತು. ಮಂಗಗಳ ಹಿಂಡು ಒಂದು ಬೆಳಗ್ಗೆ ಅಡಿಕೆ ತೋಟಕ್ಕೆ ಇಳಿದರೆ ಎಳೆ ಅಡಿಕೆಯನ್ನು ಕಚ್ಚಿ ಬಿಸಾಡುತ್ತದೆ, ಸಿಂಗಾರ ಮುರಿಯುತ್ತದೆ, ಎಳನೀರು ಕೆಡವುತ್ತದೆ, ಬಾಳೆಗೊನೆಯನ್ನು ಸಿಗಿಯುತ್ತದೆ. ತಿನ್ನುವುದಕ್ಕಿಂತ ಹಾಳುಮಾಡುವುದೇ ಹೆಚ್ಚು. ಕಾಡುಹಂದಿ ರಾತ್ರಿ ಬರುತ್ತದೆ. ಮೆಕ್ಕೆಜೋಳದ ಹೊಲದಲ್ಲಿ, ಭದ್ರಾ ಕಾಲುವೆಯ ಬಯಲಿನ ಭತ್ತ, ಕಬ್ಬಿನಲ್ಲಿ ಅದು ಉರುಳಾಡಿ ಹೋದ ಜಾಗ ಬೆಳಗ್ಗೆ ರೋಲರ್ ಹೊಡೆದಂತೆ ಕಾಣುತ್ತದೆ. ಹಂದಿಗೂ ಕನ್ನಡಿಗರಿಗೂ ಇರುವ ಜಗಳ ಇಂದು ನಿನ್ನೆಯದಲ್ಲ. ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯನ್ನು ಹತ್ತನೇ ಶತಮಾನದ ಆತಕೂರು ಶಾಸನ ಕೊಂಡಾಡಿದೆ.

ರೈತರು ಕೈಕಟ್ಟಿ ಕೂತಿಲ್ಲ. ಬೆರ್ಚಪ್ಪ ನಿಲ್ಲಿಸುತ್ತಾರೆ, ಗರ್ನಾಲು ಹೊಡೆಯುತ್ತಾರೆ, ಡಬ್ಬ ಬಡಿಯುತ್ತಾರೆ, ಮಾಳದಲ್ಲಿ ರಾತ್ರಿಯಿಡೀ ಎಚ್ಚರ ಕೂರುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನ ರೈತರೊಬ್ಬರು 2019ರಲ್ಲಿ ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ ಸುದ್ದಿ ದೇಶದಾದ್ಯಂತ ಹರಡಿತು. ಓದಿದವರು ನಕ್ಕರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅದು ದಾರಿ ಕಾಣದವನ ಉಪಾಯ. ಮಲೆನಾಡಿನ ಮಂಗಗಳಿಗಾಗಿ ಹೊಸನಗರ ತಾಲ್ಲೂಕಿನ ನಾಗೋಡಿಯಲ್ಲಿ ಮಂಕಿ ಪಾರ್ಕ್ ಮಾಡುವ ಪ್ರಸ್ತಾಪವೂ ಬಂತು. ಹಿಡಿದ ಮಂಗಗಳನ್ನು ಒಂದೆಡೆ ಕೂಡಿಹಾಕಿದರೆ ಅವು ಅಲ್ಲೇ ಉಳಿಯುತ್ತವೆಯೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು.

ಇದರ ನಡುವೆ ಏರ್‌ಗನ್ ಸುಲಭದ ಉತ್ತರವಾಗಿ ಕಾಣುವುದು ಸಹಜ. ಲೈಸೆನ್ಸಿಗಾಗಿ ಅಲೆಯಬೇಕಿಲ್ಲ, ಮದ್ದು, ತೋಟೆಗಳ ಖರ್ಚಿಲ್ಲ, ಸದ್ದೂ ಕಡಿಮೆ.

20 ಜೌಲ್ ಎಷ್ಟು?

4.5 ಮಿಲಿಮೀಟರ್ ನಳಿಗೆಯ ಸೀಸದ ಗುಂಡು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಅದಕ್ಕೆ 20 ಜೌಲ್ ಶಕ್ತಿ ಬರಬೇಕಾದರೆ ಸೆಕೆಂಡಿಗೆ ಸುಮಾರು 280 ಮೀಟರ್ ವೇಗ ಬೇಕು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್, ಹೋಲಿಸಿಕೊಳ್ಳಿ. ಇತ್ತ 12 ಬೋರಿನ ತೋಟೆ ಕೋವಿಯ ಒಂದು ಈಡಿನ ಶಕ್ತಿ 2,000 ಜೌಲ್‌ಗೂ ಹೆಚ್ಚು. ಅಂದರೆ ಏರ್‌ಗನ್ ಅದರ ನೂರನೇ ಒಂದು ಪಾಲೂ ಇಲ್ಲ.

ಈ ಲೆಕ್ಕದಿಂದ ತಿಳಿಯುವ ಸಂಗತಿ ಇದು: ದಪ್ಪ ಚರ್ಮ, ಕೊಬ್ಬಿನ ಪದರದ ಕಾಡುಹಂದಿಯನ್ನು ಏರ್‌ಗನ್ ತಡೆಯುವುದಿಲ್ಲ. ಮಂಗನನ್ನು ಒಂದೇ ಏಟಿಗೆ ಕೊಲ್ಲುವುದೂ ಅಪರೂಪ. ಗುಂಡು ಚರ್ಮದಡಿ ಹೂತು ಗಾಯ ಕೀವು ಕಟ್ಟುತ್ತದೆ, ಕಣ್ಣು ಹೋಗುತ್ತದೆ, ಮರಿ ಹೊತ್ತ ತಾಯಿ ದಿನಗಟ್ಟಲೆ ನರಳುತ್ತದೆ. ಆದರೆ ಇದೇ ಗುಂಡು ಬೆಳವ, ಗೌಜಲಹಕ್ಕಿ, ಬೆಳ್ಳಕ್ಕಿ, ನೀರುಕಾಗೆಗಳನ್ನು ಕೊಲ್ಲಲು ಧಾರಾಳ ಸಾಕು. ಹತ್ತಿರದಿಂದ ತಗುಲಿದರೆ ಮನುಷ್ಯನ ಕಣ್ಣು ತೆಗೆಯಲೂ ಸಾಕು. ಬೆಳೆ ತಿನ್ನುವ ಪ್ರಾಣಿಗೆ ಸಾಲದ, ಬೆಳೆಗೆ ಅಷ್ಟೇನೂ ಕಾಟ ಕೊಡದ ಹಕ್ಕಿಗೆ ಸಾಯುವಷ್ಟಾಗುವ ಆಯುಧ ಇದು. ಬೆಳೆರಕ್ಷಣೆಯ ಹೆಸರಿನಲ್ಲಿ ಇದಕ್ಕೆ ಬೇಟೆಯ ಅನುಮತಿ ಕೇಳುವುದನ್ನು ನಾನು ಒಪ್ಪಲಾರದಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ತುಂಗೆಯ ನಡುಗಡ್ಡೆಯಲ್ಲಿ ಮಂಡಗದ್ದೆ ಪಕ್ಷಿಧಾಮ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಯ ಹೊತ್ತು ರಿವರ್ ಟರ್ನ್ ಹಕ್ಕಿಗಳು ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ಈ ಹಕ್ಕಿಗಳಿಗೆ ದಡ ದೂರವಿಲ್ಲ, ದಡದಲ್ಲಿ ನಿಂತವನ ಕೈಯಲ್ಲಿ ಏನಿದೆ ಎಂಬುದು ಅವುಗಳ ಪಾಲಿಗೆ ದೊಡ್ಡ ವಿಷಯ.

ಮಂಗನ ಕಾಯಿಲೆಯ ಜಿಲ್ಲೆಯಲ್ಲಿ

ಮಂಗನನ್ನು ಹೊಡೆದು ಕಾಡಿನಂಚಿನಲ್ಲಿ ಬಿಡುವುದಕ್ಕೆ ಶಿವಮೊಗ್ಗ ಜಿಲ್ಲೆಯಲ್ಲಿ ಬೇರೆ ಬಹಳಷ್ಟು ಕಡೆ ಇಲ್ಲದ ಒಂದು ಅಪಾಯವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಸೋಂಕಿದ ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆಗಳು ಕೆಳಗುದುರಿ, ಆ ಜಾಗಕ್ಕೆ ಸೊಪ್ಪಿಗೋ ದರಗಿಗೋ ಹೋದವರಿಗೆ ಕಚ್ಚುತ್ತವೆ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆ ಹಲವು ಮನೆಗಳಿಗೆ ಸಾವು ತಂದದ್ದು ಜಿಲ್ಲೆಯವರಿಗೆ ಮರೆತಿಲ್ಲ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ ಎಂದು ಪ್ರತಿ ವರ್ಷ ಡಂಗುರ ಸಾರುವ ನಾಡಿನಲ್ಲಿ, ಗಾಯಗೊಂಡ ಮಂಗ ಎಲ್ಲೋ ಪೊದೆಯಲ್ಲಿ ಬಿದ್ದು ಸಾಯುವಂತೆ ಮಾಡುವುದು ನೆರೆಯವರ ಮನೆಗೂ ತಟ್ಟುವ ತಪ್ಪು.

ಹತ್ತು ಕಿಲೋಮೀಟರಿನ ಸೆಕ್ಷನ್

ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ನನ್ನು ಓದಿದವರು ಕಡಿಮೆ. ಶಿವಮೊಗ್ಗ, ಭದ್ರಾವತಿಯವರು ಮೊದಲು ಓದಬೇಕಾದದ್ದು ಅದನ್ನೇ. ಒಂದು ಪ್ರದೇಶ ಅಭಯಾರಣ್ಯವೆಂದು ಘೋಷಣೆಯಾದ ಮೂರು ತಿಂಗಳೊಳಗೆ, ಅದರೊಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸವಿರುವ ಶಸ್ತ್ರ ಲೈಸೆನ್ಸ್‌ದಾರರೂ, ಶಸ್ತ್ರ ಕಾಯ್ದೆಯಿಂದ ವಿನಾಯಿತಿ ಇದ್ದು ಶಸ್ತ್ರ ಇಟ್ಟುಕೊಂಡವರೂ ತಮ್ಮ ಹೆಸರು ನೋಂದಾಯಿಸಬೇಕು ಎನ್ನುತ್ತದೆ ಆ ಸೆಕ್ಷನ್. ವಿನಾಯಿತಿ ಇದ್ದವರೂ ಎಂಬ ಮಾತನ್ನು ಗಮನಿಸಿ. ಲೈಸೆನ್ಸ್ ಬೇಡದ ಆಯುಧವೂ ಕಾಡಿನ ಪಕ್ಕ ಅಪಾಯವೇ ಎಂದು ಕಾಯ್ದೆ ಬರೆದವರು 1972ರಲ್ಲೇ ಯೋಚಿಸಿದ್ದರು.

ಹಾಗಾದರೆ ತೊಡಕೇನು? ಗಡುವು. ಶೆಟ್ಟಿಹಳ್ಳಿಯೂ ಭದ್ರಾವೂ ಅಭಯಾರಣ್ಯಗಳಾದದ್ದು 1974ರಲ್ಲಿ. ಅಂದಿನ ಮೂರು ತಿಂಗಳು ಮುಗಿದು ಐವತ್ತು ವರ್ಷ ದಾಟಿದೆ. ಆಮೇಲೆ ಏರ್‌ಗನ್ ಕೊಂಡವರಿಗೆ ಆ ಗಡುವಿನ ಮಾತು ತಾಗುವುದೇ ಕಷ್ಟ. ಹೊಸ ಆಯುಧಗಳಿಗಾಗಿ ಮುಂದೆ ಒಂದು ಉಪಸೆಕ್ಷನ್ ಸೇರಿತು: 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯಿಲ್ಲದೆ ಹೊಸ ಶಸ್ತ್ರ ಲೈಸೆನ್ಸ್ ಕೊಡಬಾರದು. 2022ರ ತಿದ್ದುಪಡಿ ಲೈಸೆನ್ಸ್ ನವೀಕರಣವನ್ನೂ ಅವರ ಗಮನಕ್ಕೆ ತರಬೇಕೆಂದಿತು. ಎರಡೂ ಹಿಡಿದದ್ದು ಲೈಸೆನ್ಸನ್ನು. ಏರ್‌ಗನ್‌ಗೆ ಲೈಸೆನ್ಸೇ ಇಲ್ಲದ ಮೇಲೆ ಈ ಎರಡು ಬಲೆಗಳಿಗೂ ಅದು ಬೀಳುವುದಿಲ್ಲ. ಕಾಡಿನ ಪಕ್ಕದ ಅಜ್ಜನ ನಾಡಕೋವಿಯ ಮೇಲೆ ಎರಡು ಇಲಾಖೆಗಳ ಕಣ್ಣಿದೆ. ಅದೇ ಬೀದಿಯ ಹುಡುಗನ ಹೊಸ ಏರ್‌ಗನ್ನಿನ ಮೇಲೆ ಒಂದರದ್ದೂ ಇಲ್ಲ. ಸಂದು ಇರುವುದು ಇಲ್ಲಿಯೇ.

ಬೇರೆಡೆ

ಅಮೆರಿಕದಲ್ಲಿ ಬೇಟೆಯ ನಿಯಮ ಆಯಾ ರಾಜ್ಯದ್ದು, ಏರ್‌ಗನ್ನಿನಿಂದ ಬೇಟೆಯಾಡಲು ಬಿಡಿ ಎಂಬ ಚಳವಳಿ ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿದೆ. ಪೆನ್ಸಿಲ್ವೇನಿಯಾ 2017ರಲ್ಲಿ ಸಣ್ಣ ಪ್ರಾಣಿಗಳಿಗೆ ಅನುಮತಿ ಕೊಟ್ಟಿತು. ಆ ವಾದವನ್ನು ಇಲ್ಲಿಗೆ ತಂದು ನೆಡಲಾಗದು. ಅಲ್ಲಿ ಬೇಟೆಗೇ ಲೈಸೆನ್ಸ್ ಇದೆ, ಋತುವಿದೆ, ಎಷ್ಟು ಹೊಡೆಯಬಹುದೆಂಬ ಮಿತಿಯಿದೆ. ನಮ್ಮಲ್ಲಿ ಬೇಟೆ ಲೈಸೆನ್ಸಿನ ಪದ್ಧತಿಯನ್ನು 1991ರ ತಿದ್ದುಪಡಿಯೇ ಕೊನೆಗಾಣಿಸಿತು. ಸ್ಕಾಟ್ಲೆಂಡ್ ತದ್ವಿರುದ್ಧ ದಾರಿ ಹಿಡಿದು 2016ರ ಕೊನೆಯಿಂದ ಏರ್‌ಗನ್ನಿಗೂ ಲೈಸೆನ್ಸ್ ಕಡ್ಡಾಯ ಮಾಡಿತು.

ನಮಗೆ ಹತ್ತಿರದ ಪಾಠ ಅರುಣಾಚಲ ಪ್ರದೇಶದ್ದು. ಬೇಟೆ ಬದುಕಿನ ಭಾಗವೇ ಆಗಿರುವ ಆ ರಾಜ್ಯದಲ್ಲಿ, 2021ರ ಮಾರ್ಚ್‌ನಲ್ಲಿ ಪೂರ್ವ ಕಮೆಂಗ್ ಜಿಲ್ಲೆಯ ಲುಮ್ದುಂಗ್ ಎಂಬ ಹಳ್ಳಿಯಿಂದ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ದಂಡವಿಲ್ಲ, ದಾಳಿಯಿಲ್ಲ. ಜನರೇ ಸಾಲಾಗಿ ಬಂದು ಕೊಟ್ಟರು. ಒಪ್ಪಿಸಿದ ಏರ್‌ಗನ್‌ಗಳ ಸಂಖ್ಯೆ ಸಾವಿರ ದಾಟಿತು.

ಕೇರಳ ಇನ್ನೊಂದು ದಾರಿ ತುಳಿಯಿತು. ಬೆಳೆ ತಿನ್ನುವ ಕಾಡುಹಂದಿಯನ್ನು ಲೈಸೆನ್ಸ್ ಕೋವಿಯವರಿಂದ ಹೊಡೆಸುವ ತೀರ್ಮಾನದ ಅಧಿಕಾರವನ್ನು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. 2025ರಲ್ಲಿ ಕೇಂದ್ರ ಕಾಯ್ದೆಗೇ ರಾಜ್ಯದ ತಿದ್ದುಪಡಿ ತರುವ ಮಸೂದೆಯನ್ನು ಅದರ ವಿಧಾನಸಭೆ ಅಂಗೀಕರಿಸಿತು.

ಯಾರ ಬಳಿ ಏನು ಕೇಳಬೇಕು

ಆಯುಧಗಳು ಸಂವಿಧಾನದ ಕೇಂದ್ರ ಪಟ್ಟಿಯಲ್ಲಿವೆ. ಏರ್‌ಗನ್‌ಗೆ ದೇಶದಾದ್ಯಂತ ಲೈಸೆನ್ಸ್ ಬೇಕೆಂದು ಬೆಂಗಳೂರಿನಲ್ಲಿ ಕೇಳಿ ಪ್ರಯೋಜನವಿಲ್ಲ, ಅದು ದೆಹಲಿಯ ಗೃಹ ಸಚಿವಾಲಯದ ಕೆಲಸ. ವನ್ಯಜೀವಿ ಸಂರಕ್ಷಣೆ ಹಾಗಲ್ಲ. ಮೊದಲು ರಾಜ್ಯ ಪಟ್ಟಿಯಲ್ಲಿದ್ದ ಅದನ್ನು 42ನೇ ತಿದ್ದುಪಡಿ ಸಮವರ್ತಿ ಪಟ್ಟಿಗೆ ಸೇರಿಸಿತು. ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯ ತನ್ನ ಮಟ್ಟಿಗೆ ತಿದ್ದುಪಡಿ ತರಬಹುದು. ಹಾಗಾಗಿ ಕರ್ನಾಟಕ ವಿಧಾನಮಂಡಲದಲ್ಲಿ ಕೇಳಬಹುದಾದ ನೇರ ಬೇಡಿಕೆ ಇದು: 34ನೇ ಸೆಕ್ಷನ್ನಿನ ಮೂರು ತಿಂಗಳ ಗಡುವು ಹೋಗಲಿ, ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನ ಪ್ರತಿ ಏರ್‌ಗನ್ನೂ ಕೊಂಡ ದಿನದಿಂದಲೇ ನೋಂದಣಿಯಾಗಲಿ, ಮಾರಿದ ಅಂಗಡಿಯಿಂದ ವಿಭಾಗದ ಅರಣ್ಯಾಧಿಕಾರಿಗೆ ಮಾಹಿತಿ ಹೋಗಲಿ. ಶೂಟಿಂಗ್ ಕ್ರೀಡೆ ಕಲಿಯುವ ಮಕ್ಕಳಿಗೆ ಇದರಿಂದ ತೊಂದರೆಯಿಲ್ಲ. 2008ರ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್‌ರೈಫಲ್‌ನಲ್ಲೇ. ಗುರಿಹಲಗೆಗೆ ಹೊಡೆಯುವವನು ಹೆಸರು ಬರೆಸಲು ಹಿಂಜರಿಯಬೇಕಿಲ್ಲ.

ಇದರ ಜೊತೆಗೇ ರೈತರ ಬೇಡಿಕೆಯೂ ಹೋಗಬೇಕು, ಇಲ್ಲದಿದ್ದರೆ ನೋಂದಣಿ ಅವರಿಗೆ ಇನ್ನೊಂದು ಕಿರುಕುಳವಾಗಿಯೇ ಕಾಣುತ್ತದೆ. ನಿಂತ ಬೆಳೆ ನಾಶಮಾಡುವ ಎರಡನೇ ಅನುಸೂಚಿಯ ಪ್ರಾಣಿಯನ್ನು ಹೊಡೆಸಲು 11ನೇ ಸೆಕ್ಷನ್ನಿನಲ್ಲಿ ಈಗಲೂ ಅವಕಾಶವಿದೆ. ಕಾಡುಹಂದಿ ಇದರೊಳಗೆ ಬರುತ್ತದೆ. ಮಂಗ ಬರುವುದಿಲ್ಲ, 2022ರ ತಿದ್ದುಪಡಿಯಲ್ಲಿ ಅದು ಮೊದಲ ಅನುಸೂಚಿಗೆ ಹೋಯಿತು, ಅದಕ್ಕೆ ಹಿಡಿದು ಸಂತಾನಹರಣ ಮಾಡುವ ದಾರಿಯೇ ಸರಿ. ಹಂದಿಯ ಅರ್ಜಿಗೆ ಬೆಳೆ ಇರುವಾಗಲೇ ಉತ್ತರ ಸಿಗಬೇಕು, ಕೊಯ್ಲು ಮುಗಿದ ಮೇಲೆ ಬಂದ ಅನುಮತಿ ಯಾರಿಗೂ ಬೇಡ. ಹೊಡೆಯಬೇಕಾದಾಗ ಅನುಮತಿ ಪಡೆದ, ತರಬೇತಿ ಇರುವ, ಒಂದೇ ಈಡಿಗೆ ಮುಗಿಸಬಲ್ಲ ಕೋವಿಯವರು ಹೊಡೆಯಲಿ. ಚುನಾವಣೆಯಲ್ಲಿ ಬೆಳೆರಕ್ಷಣೆಯ ಕೋವಿ ಜಮಾ ಮಾಡಿಸುವಾಗ ಪ್ರತಿಯೊಬ್ಬರ ಅಗತ್ಯವನ್ನೂ ಬೇರೆಬೇರೆಯಾಗಿ ನೋಡಲಿ.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಮನೆಯ ಅಟ್ಟದಲ್ಲಿ ಏರ್‌ಗನ್ ಇದ್ದರೆ ಅದು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ತೋಟದಲ್ಲೋ ಕೆರೆ ಏರಿಯ ಮೇಲೋ ಗುಂಡು ತಗುಲಿದ ಹಕ್ಕಿ, ಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.